ಸಾರ್ ಹೋಗುವ ತನಕ

ಬಸ್ಸು ಕೂಡ್ಲಿಗಿ ಬಿಟ್ಟಾಗಿನಿಂದ ಶಾಂಭವಿ ಒಂದೇ ವಾಕ್ಯವನ್ನು ಬಾಯೊಳಗೆ ಹೊರಳಿಸುತ್ತಿದ್ದಳು. ಗುಡ್ ಮಾರ್ನಿಂಗ್ ಸರ್, ವೆಲ್‌ಕಮ್ ಟು ಅವರ್ ಕ್ಲಾಸ್. ಹತ್ತು ಸಲ ಸರಿಯಾಗಿ ಬಂದದ್ದು ಹನ್ನೊಂದನೆಯ ಸಲ ಯಾರದೋ ಮಾತಿನಂತೆ ಕೇಳಿಸಿ, 'ಟು' ಸರಿಯೋ 'ಇನ್' ಸರಿಯೋ ಎಂಬ ಅನುಮಾನ ಹುಟ್ಟಿತು. ಕಿಟಕಿಯ ಹೊರಗೆ ಬಂಡೆಗುಡ್ಡಗಳು, ಶೇಂಗಾ ಕಿತ್ತು ಬರಿದಾದ ಹೊಲಗಳು, ದಾಬಾದ ಮುಂದೆ ನಿಂತ ಲಾರಿಗಳು ದಿನದಂತೆಯೇ ಹಿಂದೆ ಸರಿಯುತ್ತಿದ್ದವು. ಏನೂ ಬದಲಾಗಿರಲಿಲ್ಲ ಎಂಬುದೇ ಅವಳಿಗೆ ಕೆಟ್ಟ ಸೂಚನೆಯಂತೆ ಕಂಡಿತು. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದ ಮಗಳು ವಾಣಿಶ್ರೀ, ತಾಯಿ ತನ್ನಷ್ಟಕ್ಕೆ ಒಪ್ಪಿಸಿಕೊಳ್ಳುತ್ತಿದ್ದ ಪಾಠವನ್ನು ಕೇಳಿ, "ಅಮ್ಮಾ, ಎಲಿಫೆಂಟಿಗೆ ಮುಂದ 'ಯ' ಯಾಕ ಹಚ್ಚತಿ?" ಎಂದಿದ್ದಳು. ಕಾನ್ವೆಂಟಿನ ಐದನೆಯ ತರಗತಿಯ ಹುಡುಗಿ. ಮಾತಿನಲ್ಲಿ ಕುಹಕವಿರಲಿಲ್ಲ, ಬರೀ ಆಶ್ಚರ್ಯವಿತ್ತು. ಶಾಂಭವಿ ಜಡೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಿದ್ದಳು, ಮಗಳು ಹಾ ಎಂದಿದ್ದಳು. ಸರಕಾರಿ ಶಾಲೆಯ ಟೀಚರ ಮಗಳು ಕಾನ್ವೆಂಟಿಗೇಕೆ ಹೋಗುತ್ತಾಳೆ ಎಂದು ಇವತ್ತು ತಪಾಸಣೆಗೆ ಬರುವ ಸಾರ್ ಕೇಳಿದರೆ ಏನು ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು.

ಹಂಪಸಾಗರದಲ್ಲಿ ಶಾಂಭವಿ ಓದುವಾಗ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೆಯ ತರಗತಿಗೆ. ಎಂಟರಲ್ಲಿದ್ದಾಗ ಎದ್ದು ನಿಂತು ಓದುತ್ತ 'ಐಲ್ಯಾಂಡ್' ಎಂಬುದನ್ನು, ಕಣ್ಣಿಗೆ ಕಂಡ ಅಕ್ಷರಗಳನ್ನೆಲ್ಲ ನಂಬಿ, 'ಇಸ್‌ಲ್ಯಾಂಡ್' ಎಂದಿದ್ದಳು. ಮೇಷ್ಟ್ರು ಬೈಯಲಿಲ್ಲ, ನಕ್ಕರಷ್ಟೆ. ಮಾರನೆಯ ದಿನದಿಂದ ಹಾಜರಿ ಕೂಗುವಾಗ ಅವಳ ಹೆಸರಿನ ಬದಲು ಅದನ್ನೇ ಕೂಗತೊಡಗಿದರು. ಅವಳೂ ಎಸ್ ಸರ್ ಎಂದು ನಗುತ್ತಲೇ ಎದ್ದು ನಿಲ್ಲುತ್ತಿದ್ದಳು. ಆ ನಗುವೇ ಈಗ ನೆನೆದರೆ ಮೈಯೆಲ್ಲ ಮುದುಡುವಂತಾಗುತ್ತಿತ್ತು. ಎರಡು ವರ್ಷದ ಹಿಂದೆ ಶಾಲೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ ಬಂದಾಗ ಹೆಡ್‌ಮಾಸ್ಟರ್ ಮರುಳಪ್ಪ ಟೀಚರುಗಳನ್ನೆಲ್ಲ ಕೂರಿಸಿ, "ಯಾರು ತಗೋತೀರಿ?" ಎಂದು ಕೇಳಿದ್ದರು. ಹಿರಿಯರಿಬ್ಬರೂ ತಲೆ ತಗ್ಗಿಸಿ ಮೇಜಿನ ಮೇಲಿನ ರಿಜಿಸ್ಟರನ್ನು ಓದತೊಡಗಿದ್ದರು. ಶಾಂಭವಿ ತಲೆ ತಗ್ಗಿಸುವುದು ಒಂದು ಕ್ಷಣ ತಡವಾಗಿತ್ತು. ಹದಿನೈದು ದಿನದ ತರಬೇತಿಯಲ್ಲಿ ನಲವತ್ತು ಮಂದಿ ಟೀಚರುಗಳು ಕೈ ಬೀಸಿ ಪದ್ಯ ಹೇಳಿದರು, ಕಪ್ಪೆಯಂತೆ ಕುಪ್ಪಳಿಸಿದರು. ಊಟದ ಹೊತ್ತಿನಲ್ಲಿ ಎಲ್ಲರೂ ಕನ್ನಡದಲ್ಲಿ ತಮ್ಮ ತಮ್ಮ ಹೆದರಿಕೆಗಳನ್ನು ಹೇಳಿಕೊಂಡು ನಕ್ಕರು. ಸರ್ಟಿಫಿಕೇಟು ಬಂತು. ಹೆದರಿಕೆಯನ್ನು ಮಾತ್ರ ಪ್ರತಿಯೊಬ್ಬರೂ ಹಾಗೇ ವಾಪಸ್ಸು ಮನೆಗೆ ಒಯ್ದರು.

ಕಾನಹೊಸಹಳ್ಳಿಯಲ್ಲಿ ಇಳಿದು ಆಟೋ ಹಿಡಿದು ಚಿಕ್ಕಬಂಡೆಹಟ್ಟಿಯ ಶಾಲೆ ತಲುಪುವಾಗ ಮರುಳಪ್ಪ ಗೇಟಿನಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಎಂದಿಗಿಂತ ದಪ್ಪ ವಿಭೂತಿ.

"ಹನ್ನೊಂದಕ್ಕ ಬರ್ತಾರಂತ ಮೇಡಂ, ಫೋನ್ ಬಂದಿತ್ತು. ಒಂದ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೋದ ತಿಂಗಳ ಯಾವುದೋ ಸಾಲ್ಯಾಗ ಹುಡುಗ್ರು ಸಾರ್ ಮುಂದ ಬರೇ ಕನ್ನಡದಾಗ ಮಾತಾಡಿದ್ವಂತ. ಇಂಗ್ಲೀಷ್ ಸೆಕ್ಷನ್ ಹೆಸರಿಗಷ್ಟ ಐತಿ ಅಂತ ಬರದುಹಾಕ್ಯಾರ. ನಮ್ದೂ ಹಂಗಾತಂದ್ರ ಈ ಹುಡುಗ್ರು ನಾಳಿಗೇ ಕಾನ್ವೆಂಟಿನ ಹಳದಿ ವ್ಯಾನ್ ಹತ್ತತಾವು. ಆಮ್ಯಾಲೆ ಸಾಲಿ ಎಲ್ಲೈತಿ, ನಾವು ಎಲ್ಲದೀವಿ."

ಅವಳು ಹೂಂ ಎಂದಳು. ಎರಡನೆಯ ತರಗತಿಯ ಗೋಡೆ ಬೋಳಾಗಿ ಕಂಡಿತು. ಹಳೆಯ ಬೆಂಚು, ಒಡೆದ ಹೆಂಚುಗಳನ್ನು ತುಂಬಿದ್ದ ಕೋಣೆಗೆ ಹೋಗಿ, ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ್ದ ಚಾರ್ಟುಗಳನ್ನು ಒಟ್ಟಿಗೆ ಬಾಚಿ ತಬ್ಬಿಕೊಂಡು ತಂದಳು. ಪ್ರಾಣಿಗಳು, ಹಣ್ಣುಗಳು, ದೇಹದ ಭಾಗಗಳು. ಎರಡು ಸಲ ಬಡಿದು ಧೂಳು ಕೊಡವಿದಳು. ಮೂರನೆಯ ಸಲ ಬಡಿಯಲು ಹೊತ್ತಿರಲಿಲ್ಲ. ಎರಡನ್ನು ಗೋಡೆಗೆ ತೂಗುಹಾಕಿ ಉಳಿದವನ್ನು ಮುಂದಿನ ಸಾಲಿನ ಪಕ್ಕ ಗೋಡೆಗೆ ಒರಗಿಸಿದಳು. ಆ ಸಾಲಿನ ತುದಿಗೆ, ಚಾರ್ಟುಗಳಿಗೆ ಮೊಣಕಾಲು ತಾಗುವಂತೆ, ಕ್ರಾಂತಿ ಕೂತಿದ್ದಳು. ಏಳು ವರ್ಷದ ಹುಡುಗಿ, ಕೇರಿಯ ಹುಲುಗಮ್ಮನ ಮಗಳು. ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕೆಂದು ಶಾಂಭವಿ ಒಂದು ವಾರದಿಂದ ಹಂಚಿಕೊಟ್ಟಿದ್ದಳು. ಕ್ರಾಂತಿಗೆ ಮಾತ್ರ ಯಾವ ಪ್ರಶ್ನೆಯನ್ನೂ ಕೊಟ್ಟಿರಲಿಲ್ಲ. ಯಾರ ಬಾಯಿ ಕಟ್ಟಿದರೂ ಅವಳೇ ಹೇಳಬೇಕೆಂದು ಇಟ್ಟುಕೊಂಡಿದ್ದಳು.

"ನೋಡ್ರಿ," ಎಂದಳು. ಇದನ್ನು ಕನ್ನಡದಲ್ಲೇ ಹೇಳಬೇಕಾಯಿತು. "ಸಾರ್ ಬಂದಾಗಿಂದ ಸಾರ್ ಹೋಗೋ ತನಕ ಒಂದೂ ಕನ್ನಡ ಮಾತು ಬರಬಾರದು."

"ಒಂದಕ್ಕ ಬಂದ್ರ ಟೀಚರ್?" ಯಾರೋ ಹಿಂದಿನಿಂದ ಕೇಳಿದರು.

"ತಡಕೋಬೇಕು."

"ಏನರ ಆದ್ರ?" ಎಂದಳು ಕ್ರಾಂತಿ. ಅವಳದು ಯಾವಾಗಲೂ ಹೀಗೆ, ಎಲ್ಲವನ್ನೂ ಕೊನೆಯವರೆಗೆ ಕೇಳಿ ತಿಳಿದುಕೊಳ್ಳುವ ಸ್ವಭಾವ.

"ಏನೂ ಆಗಂಗಿಲ್ಲ. ಯಾರು ಕನ್ನಡ ಮಾತಾಡ್ತೀರಿ ಅವರನ್ನ ನಾಳಿಂದ ಆಕಡಿ ಕನ್ನಡ ಸೆಕ್ಷನ್ನಿಗೆ ಕಳಸ್ತೀನಿ."

ತಮಾಷೆಗೆ ಎಂಬಂತೆ ಹೇಳಿದ್ದಳು. ಇಪ್ಪತ್ತೊಂಬತ್ತು ಮುಖಗಳೂ ಅದನ್ನು ತಮಾಷೆಯೆಂದು ತಿಳಿಯಲಿಲ್ಲ, ಅದನ್ನು ಕಂಡು ಅವಳಿಗೆ ಸಮಾಧಾನವೇ ಆಯಿತು.

ಪರಿವೀಕ್ಷಕರು ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಂದರು. ಅರುಣಕುಮಾರ್ ಎಂಬ ಹೆಸರು. ಐವತ್ತರ ಆಸುಪಾಸಿನ, ಸ್ವಲ್ಪ ಬೆವರುತ್ತಿದ್ದ, ಫೈಲನ್ನು ಎದೆಗೆ ಅವುಚಿಕೊಂಡಿದ್ದ ಮನುಷ್ಯ. ಶಾಂಭವಿಯ ವೆಲ್‌ಕಮ್ಮು ಹೇಗೆ ಬಂತೋ ಅವಳಿಗೇ ಕೇಳಿಸಲಿಲ್ಲ. "ಕ್ಯಾರಿ ಆನ್ ಮೇಡಂ," ಎಂದು ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಪಾಠ ನಡೆಯಿತು. ದಿಸ್ ಈಸ್ ಎ ಮ್ಯಾಂಗೋ. ದಟ್ ಈಸ್ ಎ ಟ್ರೀ. ಮಕ್ಕಳ ದನಿಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಆ ದನಿಯ ಅಡಿಯಲ್ಲಿ ಶಾಂಭವಿ ಅವಿತುಕೊಂಡು ನಡೆಯುತ್ತಿದ್ದಳು. ಗೋಡೆಯ ಗಡಿಯಾರವನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಹನ್ನೊಂದೂ ಐದು. ಹನ್ನೊಂದೂ ಎಂಟು. ಆನೆಯ ಚಿತ್ರ ಬಂದಾಗ 'ಯ' ಹಚ್ಚದೆ ದಾಟಬೇಕೆಂದು ಉಸಿರು ಹಿಡಿದು, ದಾಟಿದ ಮೇಲೆ ಉಸಿರು ಬಿಡುತ್ತಿದ್ದಂತೆ, ಮುಂದಿನ ಸಾಲಿನಿಂದ ಒಂದು ಸದ್ದು ಕೇಳಿಸಿತು. ಅವ್ ಎಂದು ಶುರುವಾಗಿ ಅರ್ಧಕ್ಕೇ ಕತ್ತರಿಸಿದಂಥ ಸದ್ದು. ತಿರುಗಿದಳು. ಕ್ರಾಂತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಕಣ್ಣುಗಳು ಅಷ್ಟಗಲ ತೆರೆದಿದ್ದವು. ಗಡಿಯಾರದಲ್ಲಿ ಹನ್ನೊಂದೂ ಹತ್ತು. ಶಾಂಭವಿ ಅವಳನ್ನು ನೋಡಿದಳು. ಆ ನೋಟ ಎಂಥದೆಂದು ಅವಳಿಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ಮಾಸ್ತರಿಕೆಯಲ್ಲಿ ಕೋಲಿಲ್ಲದೆ ತರಗತಿ ಹಿಡಿದದ್ದೇ ಆ ನೋಟದಿಂದ. ಹುಡುಗಿ ಬಾಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಸಾರ್ ಕೂಡ ತಿರುಗಿದ್ದರು. ಕುರ್ಚಿಯಿಂದ ಎದ್ದು ಬಂದು ಮುಂದಿನ ಸಾಲಿನ ಎದುರು ಬಗ್ಗಿ, "ಹೌ ಆರ್ ಯು?" ಎಂದು ಕೇಳಿದರು.

ಶಾಂಭವಿ ಹುಡುಗಿಯ ಮುಖ ನೋಡಿದಳು. ಹುಡುಗಿ ಅತ್ತಿಲ್ಲವೆಂಬುದು ಕಂಡಿತು. ಆದರೆ ಮೇಲ್ತುಟಿಯ ಮೇಲೆ ಸಣ್ಣಗೆ ಬೆವರು ಕಟ್ಟಿದ್ದೂ ಕಂಡಿತು. ಕಂಡದ್ದನ್ನು ಅವಳು ಬದಿಗೆ ಸರಿಸಿದಳು. ಹೇಳು, ಹೇಳಿಬಿಡು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಕ್ರಾಂತಿ ಎದ್ದು ನಿಂತು, ಒಂದು ಕಾಲನ್ನು ನೆಲಕ್ಕೆ ಊರದೆ, "ಐ ಆಮ್ ಫೈನ್, ಥ್ಯಾಂಕ್ ಯು ಸರ್," ಎಂದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

"ವೆರಿ ಗುಡ್," ಎಂದರು ಸಾರ್, ಫೈಲಿನಲ್ಲಿ ಏನೋ ಬರೆದುಕೊಂಡರು. ಆಗ ಶಾಂಭವಿಗೆ ಆದದ್ದು ಸಂತೋಷ. ಅದನ್ನು ಆಮೇಲೆ ಅವಳು ಎಷ್ಟು ಬೇರೆ ಹೆಸರುಗಳಿಂದ ಕರೆದುಕೊಂಡರೂ ಅದು ಸಂತೋಷವೇ ಆಗಿತ್ತು.

ತರಗತಿ ಇನ್ನೂ ಅರ್ಧ ತಾಸಿನ ಮೇಲೆ ನಡೆಯಿತು. ಆ ಹೊತ್ತಿನಲ್ಲಿ ಶಾಂಭವಿ ಮುಂದಿನ ಸಾಲಿನ ತುದಿಯನ್ನು ನೋಡಲಿಲ್ಲ. ನೋಡಲಿಲ್ಲ ಎಂದರೆ ನೋಡದಿರಲು ನೋಡಿಕೊಂಡಳು. ಹುಡುಗಿಗೆ ಒಂದಕ್ಕೆ ಬಂದಿರಬೇಕು, ಹೊಟ್ಟೆ ನೋಯುತ್ತಿರಬೇಕು, ಹತ್ತು ನಿಮಿಷ ತಡೆದರೆ ಏನಾಗುತ್ತದೆ ಎಂದು ಒಂದು ದನಿ ಒಳಗೆ ಲೆಕ್ಕ ಹೇಳುತ್ತಲೇ ಇತ್ತು. ಬಾಡಿ ಪಾರ್ಟ್ಸ್ ಹೇಳಿಸುವಾಗ ಎಲ್ಲರೂ ಮೂಗು ಮುಟ್ಟಿಕೊಂಡರು, ಕಿವಿ ಮುಟ್ಟಿಕೊಂಡರು. ದಿಸ್ ಈಸ್ ಮೈ ಫೂಟ್ ಎಂದಾಗ ಇಪ್ಪತ್ತೊಂಬತ್ತು ಕೈಗಳು ಪಾದ ಮುಟ್ಟಿದವೋ ಇಪ್ಪತ್ತೆಂಟು ಮುಟ್ಟಿದವೋ ಅವಳಿಗೆ ತಿಳಿಯದು. ಸಾರ್ ಎದ್ದರು, ಮಕ್ಕಳು ಥ್ಯಾಂಕ್ ಯು ಸರ್ ಎಂದು ರಾಗ ಎಳೆದರು, ಮರುಳಪ್ಪ ಅವರನ್ನು ಚಹಾಕ್ಕೆ ಕರೆದುಕೊಂಡು ಹೋದರು. ಶಾಂಭವಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೆನ್ನ ಹಿಂದೆ ತರಗತಿ ಸದ್ದಿಲ್ಲದೆ ಕೂತಿತ್ತು. ತಿರುಗಿದಾಗ ಕ್ರಾಂತಿ ಗೋಡೆಗೆ ಒರಗಿದ್ದಳು. ಅಂಗಿ ನೀರಲ್ಲಿ ಅದ್ದಿ ತೆಗೆದಂತೆ ಒದ್ದೆಯಾಗಿ ಮೈಗೆ ಅಂಟಿತ್ತು, ಮಡಿಲಲ್ಲಿ ವಾಂತಿ ಆಗಿತ್ತು. ಪಕ್ಕದ ಹುಡುಗಿ ಅದನ್ನು ನೋಡುತ್ತ, ಬಾಯಿ ಬಿಗಿಹಿಡಿದು, ಅಳುತ್ತ ಕೂತಿದ್ದಳು.

"ಏನಾತು, ಯಾಕ ಹೇಳಲಿಲ್ಲ?" ಎಂದು ಕೂಗಿದವಳು ತಾನೇ ಎಂದು ಶಾಂಭವಿಗೆ ಆಮೇಲೆ ತಿಳಿಯಿತು. ಬಿಸಿಯೂಟದ ಅಂಜಿನಕ್ಕ ಕೂಗು ಕೇಳಿ ಸೌಟು ಹಿಡಿದೇ ಓಡಿಬಂದಳು. ಹುಡುಗಿಯ ಕೈ ಮುಟ್ಟಿದಳು, ಪಾದ ಎತ್ತಿ ಬೆರಳ ಸಂದಿ ನೋಡಿದಳು, ಕಾಲಿನಿಂದಲೇ ಚಾರ್ಟುಗಳನ್ನು ಒದ್ದಳು. ಹಣ್ಣುಗಳ ಚಾರ್ಟಿನ ಸುರುಳಿಯೊಳಗಿಂದ ಕಿರುಬೆರಳಷ್ಟು ಉದ್ದದ ಕೆಂಚು ಚೇಳು ಹೊರಬಂದು ಗೋಡೆಯ ಬುಡಕ್ಕೆ ಹರಿಯಿತು.

"ಕೆಂಪಂದು ಟೀಚರ್. ಕೂಸು ತಣ್ಣಗಾಗೈತಿ. ನಿಂತ್ಗೋಬ್ಯಾಡ್ರಿ, ಎತ್ತಿಕೊಳ್ರಿ."

ಎತ್ತಿಕೊಂಡಳು. ಎರಡು ವರ್ಷದಲ್ಲಿ ಈ ಹುಡುಗಿಯನ್ನು ಅವಳು ಎಂದೂ ಎತ್ತಿಕೊಂಡಿರಲಿಲ್ಲ. ಬೇರೆ ಮಕ್ಕಳ ಕೆನ್ನೆ ಸವರಿದ್ದಳು, ಕೂದಲು ನೇವರಿಸಿದ್ದಳು, ಈಕೆಗೆ ವೆರಿ ಗುಡ್ ಎಂದು ದೂರದಿಂದ ಹೇಳಿದ್ದಳು. ಅದು ಯಾಕೆಂದು ತನ್ನನ್ನೇ ಎಂದೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಳ್ಳಲು ಹೊತ್ತಿರಲಿಲ್ಲ. ಅಂಗಳದಲ್ಲಿ ಸಾರ್ ಚಹಾದ ಕಪ್ಪು ಹಿಡಿದೇ ಕಾರಿನ ಬಾಗಿಲು ತೆರೆಯುತ್ತಿದ್ದರು. ಬೀಳ್ಕೊಡುವಾಗ ಹೇಳಬೇಕೆಂದು ಮೂರು ದಿನದಿಂದ ಕಲಿತಿಟ್ಟುಕೊಂಡಿದ್ದ ವಾಕ್ಯ ಗಂಟಲಲ್ಲಿ ಎಲ್ಲಿಯೋ ಇತ್ತು, ಬಾಯಿಗೆ ಬಂದದ್ದು ಬೇರೆ. "ಸಾರ್, ನಿಂದರ್ರಿ, ಕೂಸಿಗೆ ಚೇಳು ಕಡದೈತ್ರಿ, ನಿಂದರ್ರಿ," ಎಂದು ಕೂಗುತ್ತ ಓಡಿದಳು. ಅವರು ಚಹಾದ ಕಪ್ಪನ್ನು ನೆಲದ ಮೇಲೇ ಇಟ್ಟು, "ಹತ್ರಿ, ಹತ್ರಿ, ಹಿಂದ ಕೂತ್ಕಳ್ರಿ," ಎಂದರು. ಮರುಳಪ್ಪ ಮುಂದೆ ಹತ್ತಿದರು.

ಕಾರು ಮಣ್ಣಿನ ದಾರಿಯಲ್ಲಿ ಎಗರುತ್ತ ಹೋಯಿತು. ಹುಡುಗಿಯ ಎದೆಬಡಿತ ಶಾಂಭವಿಯ ತೋಳಿಗೆ ತಾಗುತ್ತಿತ್ತು, ಎಣಿಸಲಾಗದಷ್ಟು ವೇಗವಾಗಿ, ಹಿಡಿದ ಹಕ್ಕಿಯ ಎದೆಯ ಹಾಗೆ. ಪಾದಗಳು ಮಂಜುಗಡ್ಡೆಯಂತಿದ್ದವು. ಅವನ್ನು ಸೆರಗಿನಲ್ಲಿ ಸುತ್ತಿ ತಿಕ್ಕಿದಳು. ಸತ್ತರೆ ಎಂಬ ಮಾತು ಬಂದು ಹೋಯಿತು. ಅದರ ಹಿಂದೆಯೇ, ಸತ್ತರೆ ನನಗೇನಾಗುತ್ತದೆ ಎಂಬ ಮಾತೂ ಬಂತು. ಎರಡನೆಯದು ಹೆಚ್ಚು ಹೊತ್ತು ನಿಂತಿತು. ಕ್ರಾಂತಿ ತುಟಿ ಅಲುಗಿಸಿದಳು. ಶಾಂಭವಿ ಬಗ್ಗಿ ಕಿವಿ ಕೊಟ್ಟಳು.

"ಸಾರ್ ಹೋದ್ರೇನು ಟೀಚರ್?"

ಸಾರ್ ಎರಡು ಅಡಿ ಮುಂದೆ ಸ್ಟೇರಿಂಗ್ ಹಿಡಿದು ಕೂತಿದ್ದರು. ಅವರ ಕತ್ತು, ಕತ್ತಿನ ಮೇಲಿನ ಬೆವರು, ಬಿಳಿ ಕಾಲರು ಕಾಣುತ್ತಿದ್ದವು.

"ಹೋದ್ರವ್ವಾ," ಎಂದಳು ಶಾಂಭವಿ.

ಆಗ ಹುಡುಗಿ ಬಾಯಿ ತೆರೆದಳು. "ಭಾಳ ಉರಿತೈತಿ ಟೀಚರ್, ಕಾಲು ಉರಿತೈತಿ, ಅವ್ವಾ," ಎಂದು, ಒಂದು ತಾಸಿನಿಂದ ತಡೆದಿಟ್ಟದ್ದನ್ನೆಲ್ಲ ಒಮ್ಮೆಗೇ ಬಿಟ್ಟು ಅತ್ತಳು. ಸಾರ್ ಹಿಂದಕ್ಕೆ ತಿರುಗಲಿಲ್ಲ. ಕಾರಿನ ವೇಗ ಇನ್ನಷ್ಟು ಹೆಚ್ಚಾಯಿತು.

ಕಾನಹೊಸಹಳ್ಳಿಯ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ, ನಾಡಿ ಹಿಡಿದು, ತಲೆ ಎತ್ತದೆಯೇ ಕೇಳಿದಳು: "ಕಡಿದು ಎಷ್ಟೊತ್ತಾತು?"

"ಈಗ, ಈಗ ಕಾಲು ತಾಸು ಆತ್ರಿ," ಎಂದರು ಮರುಳಪ್ಪ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ತಿಳಿದದ್ದು ಕಾಲು ತಾಸಿನ ಹಿಂದೆ. ಹನ್ನೊಂದೂ ಹತ್ತು ಎಂಬುದು ಈ ಕೋಣೆಯಲ್ಲಿ ಶಾಂಭವಿಯೊಬ್ಬಳಿಗೇ ಗೊತ್ತಿತ್ತು. ಡಾಕ್ಟರು ಬರೆದುಕೊಳ್ಳುತ್ತಿದ್ದಳು. ಕಾಲು ತಾಸು ಎಂದೇ ಇರಲಿ, ಮದ್ದು ಅದೇ ಅಲ್ಲವೇ ಎಂದು ಒಳಗಿನ ದನಿ ಲೆಕ್ಕ ಹಾಕಿತು. ಬಾಯಿ ತೆರೆದರೆ ಆ ಅರ್ಧ ಕೂಗನ್ನು ಕೇಳಿದ್ದೆ ಎಂದು ಹೇಳಬೇಕು, ಕೇಳಿಯೂ ಆ ನೋಟ ನೋಡಿದೆ ಎಂದು ಹೇಳಬೇಕು, ಸಾರ್ ಇಲ್ಲೇ ನಿಂತಿದ್ದಾರೆ. ಕನ್ನಡದ ನಾಲ್ಕು ಮಾತು, ಹುಟ್ಟಿದಾಗಿನಿಂದ ಆಡಿದ ಭಾಷೆ, ಒಂದೂ ಹೊರಡಲೊಲ್ಲದು. ಡಾಕ್ಟರು ಸೂಜಿ ಚುಚ್ಚುವಾಗ ಹುಡುಗಿ ಬೆಚ್ಚಿದ್ದು ಕಂಡಿತು.

"ಕಾಲು ತಾಸಲ್ಲರಿ," ಎಂದಳು. "ಒಂದು ತಾಸಾತು. ಹನ್ನೊಂದೂ ಹತ್ತಕ್ಕ."

ಡಾಕ್ಟರು ತಲೆ ಎತ್ತಿದಳು. "ಒಂದು ತಾಸು ಕೂಸು ಅಳಲಿಲ್ಲೇನ್ರಿ?"

"ನಾನ ಮಾತಾಡಬ್ಯಾಡ ಅಂದಿದ್ದೆ. ಕೂಗಿದ್ದು ಕೇಳಿತ್ತು. ನಾನ ಕಣ್ಣಾಗ ಗದರಿಸಿದೆ."

ಡಾಕ್ಟರು ಕಾಗದದಲ್ಲಿ ಹೊಡೆದುಹಾಕಿ ಬೇರೆ ಬರೆದಳು, ನರ್ಸಿಗೆ ಮಾತ್ರೆಯ ಹೆಸರು ಹೇಳಿದಳು, ಆಂಬ್ಯುಲೆನ್ಸ್ ಕರೆಸಿ ಕೂಡ್ಲಿಗಿಗೆ ಒಯ್ಯಬೇಕು, ಎದೆಗೆ ಹೊಡೆತ ಬಿದ್ದೀತು, ನಾಳೆಯವರೆಗೆ ಹತ್ತಿರವಿದ್ದು ನೋಡಬೇಕು ಎಂದಳು. ಮರುಳಪ್ಪ ಕೈಚೌಕದಿಂದ ಹಣೆ ಒರೆಸಿಕೊಂಡು ಹೊರಗೆ ಹೋದರು. ಹುಲುಗಮ್ಮನಿಗೆ ಫೋನ್ ಮಾಡುತ್ತಿದ್ದ ಅವರ ದನಿ ಕೇಳಿಸಿತು. ಸಾರ್ ವರಾಂಡದ ಕಂಬಕ್ಕೆ ಒರಗಿ ಶಾಂಭವಿಗೆ ಮಾತ್ರ ಕೇಳುವಂತೆ ಹೇಳಿದರು. "ನಾನು ತೆಲಿಗಿ ಊರಿನ ಕನ್ನಡ ಸಾಲ್ಯಾಗ ಓದಿದವ ಮೇಡಂ. ನನಗೂ ಅಷ್ಟ ಬರೋದು. ಹೌ ಆರ್ ಯು, ವಾಟ್ ಈಸ್ ದಿಸ್, ಎಲ್ಲಾ ಸಾಲ್ಯಾಗೂ ಅವ ನಾಕು ಪ್ರಶ್ನಿ ಕೇಳ್ತೀನಿ. ಹುಡುಗ್ರು ಬ್ಯಾರೆ ಏನರ ಅಂದುಬಿಟ್ರ ಅಂತ ನನಗೂ ಭಯ." ಆಮೇಲೆ ಫೈಲನ್ನು ತೆರೆದು, ಮುಚ್ಚಿ, "ಇದರಾಗ ಏನು ಬರೀಲಿ ಹೇಳ್ರಿ," ಎಂದರು. ಅವರು ಅವಳಿಗಿಂತ ಹೆಚ್ಚು ಹೆದರಿದ್ದಾರೆಂಬುದು ಗೊತ್ತಾಗಿಯೂ ಅವಳ ಹೆದರಿಕೆ ಕಡಿಮೆಯಾಗಲಿಲ್ಲ.

ಕೂಡ್ಲಿಗಿಯ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹುಲುಗಮ್ಮ ಬಂದಾಗ ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಇಳಿದಿತ್ತು. ಹುಣಸೆಹಣ್ಣು ಬಿಡಿಸುವ ಕೆಲಸಕ್ಕೆ ದೂರದ ತೋಪಿಗೆ ಹೋಗಿದ್ದಳು, ಸುದ್ದಿ ತಲುಪುವುದೇ ತಡವಾಗಿತ್ತು. ಬೆರಳುಗಳೆಲ್ಲ ಕಪ್ಪು, ಉಗುರ ಸಂದಿಯಲ್ಲಿ ನಾರು. ಗಂಡ ಹುಲುಗೇಶ ಫ್ಯಾಕ್ಟರಿಯ ಪಾಳಿ ಮುಗಿಸಿ ರಾತ್ರಿ ಬಸ್ಸಿಗೆ ಬರುತ್ತಾನಂತೆ. ಮಗಳ ಹಣೆ ಮುಟ್ಟಿದಳು, ಪಾದ ಮುಟ್ಟಿದಳು. ಕೈಕಾಲು ಬೆಚ್ಚಗಾಗಿವೆ, ಇನ್ನು ಭಯವಿಲ್ಲ ಎಂದು ನರ್ಸು ಹೇಳಿದಾಗ ಮಂಚದ ಕಬ್ಬಿಣ ಹಿಡಿದು ನೆಲಕ್ಕೆ ಕುಸಿದು ಕೂತಳು. ಕ್ರಾಂತಿ ಕಣ್ಣು ಮುಚ್ಚಿ ಮಲಗಿದ್ದಳು. ಶಾಂಭವಿ ಇದೇ ಗಳಿಗೆಗೆ ಮಧ್ಯಾಹ್ನದಿಂದ ಕಾಯುತ್ತಿದ್ದಳು, ಬಾರದಿರಲಿ ಎಂದೂ ಬೇಡಿಕೊಂಡಿದ್ದಳು. ನಿಂತುಕೊಂಡು ಹೇಳಲಾಗದೆ ತಾನೂ ನೆಲಕ್ಕೆ ಕೂತಳು. ಚಾರ್ಟು ತಂದದ್ದು, ಸರಿಯಾಗಿ ಕೊಡವದೆ ಇದ್ದದ್ದು, ಒಂದೂ ಕನ್ನಡ ಮಾತು ಬೇಡವೆಂದದ್ದು, ಆಡಿದರೆ ಕನ್ನಡ ಸೆಕ್ಷನ್ನಿಗೆ ಕಳಿಸುತ್ತೇನೆಂದದ್ದು, ಹುಡುಗಿ ಅವ್ ಎಂದದ್ದು, ತಾನು ನೋಡಿದ್ದು, ಎಲ್ಲವನ್ನೂ ಹೇಳಿದಳು. ಹೇಳುವಾಗ ಹುಲುಗಮ್ಮನ ಕೈಗಳನ್ನೇ ನೋಡುತ್ತಿದ್ದಳು. ಆ ಕೈ ಎದ್ದು ತನ್ನ ಕೆನ್ನೆಗೆ ಬೀಳಬಹುದು, ಬಿದ್ದರೆ ಒಳ್ಳೆಯದಾದೀತು ಅನಿಸುತ್ತಿತ್ತು.

ಹುಲುಗಮ್ಮ ಉಗುರಿನ ನಾರನ್ನು ಒಂದೊಂದಾಗಿ ತೆಗೆದಳು.

"ಅವ್ವಾ ಅಂದ್ಲು ಅಂದ್ರಲ್ಲ," ಎಂದಳು ಕೊನೆಗೆ. "ಅರ್ಧಾನ ಅಂದಾಳಲ್ರಿ. ಅದು ಕನ್ನಡ ಅಂತ ಹಿಡಿತೀರೇನು ಮೇಡಮ್ಮಾರ? ಅದಕ್ಕ ಆಕಿನ್ನ ಆಕಡಿ ಸೆಕ್ಷನ್ನಿಗೆ ಹಾಕ್ತೀರೇನು?"

"ಇಲ್ಲ," ಎಂದಳು ಶಾಂಭವಿ. ದನಿ ಸರಿಯಾಗಿ ಬರಲಿಲ್ಲ. "ಇಲ್ಲವ್ವಾ, ಹಾಕಂಗಿಲ್ಲ. ತಪ್ಪು ನಂದು."

"ಹಾಕಬ್ಯಾಡ್ರಿ. ಮನ್ಯಾಗ ಕಂದೀಲು, ಗಡಿಗಿ, ಕೋಳಿ ಎಲ್ಲಾದಕ್ಕೂ ಹೆಸರು ಹೇಳ್ತಾಳ ಆಕಿ, ನಾನು ಕೇಳಿಸ್ಕೊಂತ ಕೂಡ್ತೀನಿ. ಇದರ ಹೆಸರು ಗೊತ್ತಿದ್ದಿಲ್ಲ ಆಕಿಗೆ, ಗೊತ್ತಿದ್ರ ಹೇಳ್ತಿದ್ಲು." ಸೆರಗಿನಿಂದ ಮೂಗು ಒರೆಸಿಕೊಂಡು ಮುಖ ಎತ್ತಿದಳು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಶಾಂಭವಿ ಅದನ್ನೇ ಹುಡುಕುತ್ತಿದ್ದಳು, ಎಲ್ಲಿಯೂ ಸಿಗಲಿಲ್ಲ. "ಚೇಳಿಗೆ ಇಂಗ್ಲೀಷಿನ್ಯಾಗ ಏನಂತಾರ್ರಿ?"

"ಅದೇನೂ ಬ್ಯಾಡವ್ವಾ. ಚೇಳು ಅಂದ್ರ ಸಾಕು. ಜೋರಾಗಿ ಕೂಗಿದ್ರ ಸಾಕು."

"ಇರಲಿ ಹೇಳ್ರಿ. ಹಾವಿಂದೂ ಹೇಳ್ರಿ. ನಾನು ಕಲಸ್ತೀನಿ."

ಶಾಂಭವಿ ಹೇಳಿದಳು. ಹುಲುಗಮ್ಮ ಕಣ್ಣು ಕಿರಿದು ಮಾಡಿ ಆ ಸದ್ದನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದಳು. "ಸ್ಕಾರಪಿನ್," ಎಂದಳು.

"ಹಂಗಲ್ಲ, ಸ್ಕಾರ್ಪಿಯನ್."

ಅಂದ ಮೇಲೆ ಶಾಂಭವಿಗೆ ತಾನು ಏನು ಮಾಡಿದೆನೆಂದು ತಿಳಿಯಿತು. ಕೈ ಬಾಯಿಗೆ ಹೋಯಿತು. ಹುಲುಗಮ್ಮ ಅದನ್ನು ಗಮನಿಸಲಿಲ್ಲ. ತಪ್ಪಿದ್ದಕ್ಕೆ ನಾಚಿ, ತಲೆ ತಗ್ಗಿಸಿ, ಬೆರಳು ಮಡಚುತ್ತ ಅಕ್ಷರಗಳನ್ನು ಕೂಡಿಸುತ್ತಿದ್ದಳು. ಸಾಕು ಬಿಡು ಎಂದು ಹೇಳಲು ಶಾಂಭವಿ ಮಂಚ ಹಿಡಿದು ಎದ್ದಳು. ಎದ್ದಾಗ ಮಂಚದ ಮೇಲಿನ ಮುಖ ಕಂಡಿತು. ಕ್ರಾಂತಿಗೆ ಎಚ್ಚರವಾಗಿತ್ತು. ಯಾವಾಗಿನಿಂದ ಕೇಳುತ್ತಿದ್ದಳೋ, ಕಣ್ಣು ಸೂರಿಗೆ ನೆಟ್ಟು, ದನಿ ಇಲ್ಲದೆ, ಅದೇ ಪದಕ್ಕೆ ಅವಳ ತುಟಿಯೂ ಆಡುತ್ತಿತ್ತು.